ದೇವರ ಬಾಕಿ, ಬೆಲ್ಲದ ಲೆಕ್ಕ

92 ಕಿಲೋದಿಂದ 84ಕ್ಕೆ ಸರಸರನೆ ಇಳಿದವನು ಅಲ್ಲೇ ಬೀಡುಬಿಟ್ಟೆ. ಅನ್ನ ಬಿಟ್ಟೆ, 84. ಮುದ್ದೆ ಅರ್ಧ ಮಾಡಿದೆ, 84. ಕುಕ್ಕರಹಳ್ಳಿ ಕೆರೆ ಸುತ್ತಿ ಸುತ್ತಿ ಅಲ್ಲಿನ ಹೆಜ್ಜಾರ್ಲೆಗಳಿಗೂ ನನ್ನ ಗುರುತು ಸಿಕ್ಕಿತು, ತೂಕದ ಯಂತ್ರಕ್ಕೆ ಮಾತ್ರ ಕರುಣೆ ಬರಲಿಲ್ಲ. ಅದನ್ನು ಬಚ್ಚಲಿನಿಂದ ಹಾಲಿಗೆ, ಹಾಲಿನಿಂದ ದೇವರಕೋಣೆಯ ಬಾಗಿಲಿಗೆ ಒಯ್ದೆ. ಬೆಳಿಗ್ಗೆ ಉಡಿದಾರವೊಂದನ್ನು ಬಿಟ್ಟು ಎಲ್ಲ ಕಳಚಿ, ಉಸಿರು ಪೂರ್ತಿ ಹೊರಹಾಕಿ ನಿಂತರೂ 84.

"ಇದು ಪ್ಲಾಟೋ ಸರ್, ಎಲ್ಲರಿಗೂ ಬರುತ್ತೆ" ಎಂದಳು ಡಯಟೀಷಿಯನ್ ಹುಡುಗಿ. ಎಲ್ಲರಿಗೂ ಬರುವುದು ಸಾವೂ ಹೌದು, ಅದರಿಂದ ಸಮಾಧಾನವಾಗುತ್ತದೆಯೇ? ಮೊದಲು ಇಳಿದದ್ದರಲ್ಲಿ ಬಹುಪಾಲು ನೀರಂತೆ. ಯಕೃತ್ತು, ಸ್ನಾಯುಗಳು ಕೂಡಿಟ್ಟ ಒಂದೊಂದು ಗ್ರಾಂ ಗ್ಲೈಕೋಜನ್ ಮೂರು ಗ್ರಾಂನಷ್ಟು ನೀರನ್ನು ಕಟ್ಟಿಟ್ಟುಕೊಂಡಿರುತ್ತದೆ, ಅದು ಕರಗಿದರೆ ಇದೂ ಹೋಗುತ್ತದೆ. ಆಮೇಲೆ ಸಣ್ಣಗಾದ ಮೈಗೆ ಬೇಕಾಗುವುದೂ ಕಡಿಮೆ. ಸಾಲದ್ದಕ್ಕೆ, ಬರಗಾಲ ಬಂತೆಂದು ಹೆದರಿದ ದೇಹ ಖರ್ಚಿಗೆ ಕಡಿವಾಣ ಹಾಕುತ್ತದೆ. ಬದುಕಿಡೀ ನಾನು ಕಲಿಯದ ಮಿತವ್ಯಯವನ್ನು ನನ್ನ ಹೊಟ್ಟೆ ಎರಡೇ ತಿಂಗಳಲ್ಲಿ ಕಲಿತಿತ್ತು.

ಹುರುಪು ಉಳಿಸಿಕೊಳ್ಳಲು ಯಾರನ್ನಾದರೂ ಆದರ್ಶವಾಗಿಟ್ಟುಕೊಳ್ಳಿ ಎಂದಳು. ಹುಡುಕಿದಾಗ ಸಿಕ್ಕವನು ಇಟಲಿಯ ಪಾಡುವಾದ ವೈದ್ಯ ಸಾಂಟೋರಿಯೋ. ತಕ್ಕಡಿಗೆ ಕುರ್ಚಿ ಕಟ್ಟಿ ಕೂತು ಸುಮಾರು 30 ವರ್ಷ ತನ್ನನ್ನು, ತಿಂದದ್ದನ್ನು, ಹೊರಗೆ ಹೋದದ್ದನ್ನು ತೂಗಿದ ಪುಣ್ಯಾತ್ಮ. ಒಳಗೆ ಹೋದಷ್ಟು ಹೊರಗೆ ಬರುತ್ತಿಲ್ಲ, ಉಳಿದದ್ದು ಕಾಣದ ಬೆವರಾಗಿ ಹೋಗುತ್ತದೆ ಎಂದು 1614ರಲ್ಲಿ ಪುಸ್ತಕವನ್ನೇ ಬರೆದ. ಇದನ್ನು ಭಕ್ತಿಯಿಂದ ಹೆಂಡತಿಗೆ ಓದಿ ಹೇಳಿದೆ. "ಹೊರಗೆ ಹೋದದ್ದನ್ನೂ ತೂಗ್ತಿದ್ದನಾ? ನಮ್ಮನೆ ಅಡುಗೆ ತಕ್ಕಡಿ ಮುಟ್ಟಿದ್ರೆ ನೋಡಿ ಮತ್ತೆ" ಎಂದಳು. ಆದರ್ಶ ಅಲ್ಲಿಗೆ ಮುಗಿಯಿತು.

ಇನ್ನು ಆಫೀಸಿನಲ್ಲೊಬ್ಬ ಸಹೋದ್ಯೋಗಿ. ಮದುವೆಮನೆಯಲ್ಲಿ ನಾಲ್ಕು ಹೋಳಿಗೆ ಎತ್ತಿಯೂ ಪ್ಯಾಂಟಿಗೆ ಬೆಲ್ಟು ಬಿಗಿಯಬೇಕಾದ ಮೈಕಟ್ಟು. "ಮನಸ್ಸು ಗಟ್ಟಿ ಇರಬೇಕು ಗುರುಗಳೇ" ಎಂದು ಅವನು ಉಪದೇಶಿಸಿದ ದಿನ ನನ್ನ ಮನಸ್ಸು ಗಟ್ಟಿಯಾಗೇ ಇತ್ತು, ಕೈಯಲ್ಲಿ ಏನೂ ಇರಲಿಲ್ಲ ಅಷ್ಟೆ.

ಕಡೆಗೆ ಹುರುಪು ಬಂದದ್ದು ಜಿಪುಣತನದಿಂದ. 2021ರ ಎರಡನೇ ಅಲೆಯಲ್ಲಿ ನಾನು ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಾಗ ಅಮ್ಮ ಮನೆದೇವರಿಗೆ ಹರಕೆ ಹೊತ್ತಿದ್ದಳು: ಮಗ ಎದ್ದು ಬಂದರೆ ಅವನ ತೂಕದ ಬೆಲ್ಲ. ಬಾಕಿ ಹಾಗೇ ಉಳಿದಿತ್ತು. ಅಮ್ಮನ ಪೆನ್ಷನ್ನಿನಿಂದಲೇ ಕೊಡಬೇಕೆಂಬುದು ಅವಳ ಹಟ.

"75ಕ್ಕೆ ಬಂದ ಮೇಲೆ ಮಾಡಿಸೋಣಮ್ಮ. ಒಂಬತ್ತು ಕಿಲೋ ಬೆಲ್ಲ ಉಳಿಯುತ್ತೆ."

"ದೇವರ ಹತ್ರಾನೂ ಚೌಕಾಸಿಯೇನೋ? ಬರೋ ಸೋಮವಾರವೇ ಹೊರಡು."

ಗುಡಿಯ ತೊಲೆಗೆ ಸರಪಳಿಯಲ್ಲಿ ತೂಗುಹಾಕಿದ ತಕ್ಕಡಿ. ಒಂದು ತಟ್ಟೆಯಲ್ಲಿ ನಾನು ಚಕ್ಕಳಮಕ್ಕಳ ಹಾಕಿ ಕೂತೆ. ತಟ್ಟೆ ಠಪ್ಪನೆ ನೆಲ ಮುಟ್ಟಿತು. ಎದುರಿನದಕ್ಕೆ ಹತ್ತು ಕಿಲೋದ ಬಕೆಟ್ ಬೆಲ್ಲ ಒಂದೊಂದಾಗಿ ಬಂದು ಕೂತವು. ಒಂದು. ಎರಡು. ಮೂರು. ನಾನು ಕದಲಲಿಲ್ಲ. ಐದಾಗುವಷ್ಟರಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದವರು ಪ್ರದಕ್ಷಿಣೆ ನಿಲ್ಲಿಸಿದರು. ಆರಕ್ಕೆ ಯಾರೋ ಗಟ್ಟಿಯಾಗಿ ಎಣಿಸತೊಡಗಿದರು. ಸತ್ಯಭಾಮೆಯ ಒಡವೆಗೆಲ್ಲ ಜಗ್ಗದ ಕೃಷ್ಣ ರುಕ್ಮಿಣಿಯ ಒಂದು ತುಳಸಿದಳಕ್ಕೆ ಮೇಲೆದ್ದನಲ್ಲ, ಆ ಯೋಗ ನನಗೂ ಇದ್ದೀತೇ ಎಂದು ಅರ್ಚಕರ ತಟ್ಟೆಯ ತುಳಸಿಯತ್ತ ಆಸೆಯಿಂದ ನೋಡಿದೆ. ಅವರು ಅದನ್ನೆತ್ತಿ ನನ್ನ ಕಿವಿಗೇ ಸಿಕ್ಕಿಸಿದರು. ಶಾಲು ಹೊದಿಸಿದರು. ನೀರು ಸುರಿಯುತ್ತಿದ್ದ ದಪ್ಪ ಹಾರ ಹಾಕಿ, ಮಡಿಲಿಗೆ ಜುಟ್ಟಿನ ತೆಂಗಿನಕಾಯಿ ಇಟ್ಟರು. ನಾನು ಮೆಲ್ಲಗೆ ಜೇಬಿನ ಮೊಬೈಲು, ಬೀಗದ ಗೊಂಚಲು ಹೆಂಡತಿಗೆ ದಾಟಿಸಿದೆ. "ಮೊಬೈಲು ಕೊಟ್ಟುಬಿಟ್ಟ, ನೋಡ್ರೋ!" ಎಂದು ಸೋದರಮಾವ ಇಡೀ ಗುಡಿಗೆ ಕೇಳುವಂತೆ ಸಾರಿದ. ಎಂಟನೇ ಬಕೆಟ್ಟಿಗೆ ನನ್ನ ಕೆಳಗೆ ಏನೋ ಅಲುಗಿತು. "ಅಂಕಲ್ ಮೇಲೇ ಬರ್ತಿಲ್ಲ" ಎಂದು ಒಂದು ಮಗು ಅಳುವ ದನಿ ತೆಗೆಯಿತು.

ಅಲ್ಲಿಂದ ಅಚ್ಚು ಬೆಲ್ಲ. ಅದನ್ನು ಅಮ್ಮನೇ ಇಡಬೇಕು. ಒಂದೊಂದು ಅಚ್ಚನ್ನೂ ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಸಾವಕಾಶವಾಗಿ ಇಡುತ್ತಿದ್ದಳು. ಅವಸರವೇ ಇಲ್ಲ. "ಆಸ್ಪತ್ರೆಯಿಂದ ಬಂದಾಗ ಇವನನ್ನ ನಾನೊಬ್ಬಳೇ ಎತ್ತಿ ಕೂರಿಸ್ತಿದ್ದೆ" ಎಂದು ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ ಹೇಳುತ್ತಿದ್ದಳು. ನನಗೆ ಆಗ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗ ನೆನಪಾದ. ಅವನ ತಾಯಿಯೂ ವಾರ್ಡಿನ ಹೊರಗೆ ಕೂತು ಏನೇನೋ ಹೊತ್ತುಕೊಳ್ಳುತ್ತಿದ್ದರು. ಆ ಹರಕೆ ತೀರಿಸುವ ಪ್ರಸಂಗ ಅವರಿಗೆ ಬರಲಿಲ್ಲ. ನಾನು ಬಿಗಿಹಿಡಿದಿದ್ದ ಹೊಟ್ಟೆಯನ್ನು ಸಡಿಲ ಬಿಟ್ಟೆ.

ತಟ್ಟೆ ಎದ್ದಿತು. ಗಂಟೆ ಬಾರಿಸಿದರು. ರಸೀದಿಯಲ್ಲಿ ಬೆಲ್ಲ 86 ಕಿಲೋ ಎಂದು ಬರೆದದ್ದು ನೋಡಿ ಮತ್ತೆ ಮೊದಲಿನ ಮನುಷ್ಯನಾದೆ.

"ಸ್ವಾಮಿ, ಶಾಲು, ಹಾರ, ಕಾಯಿದು ಕಳೀಬೇಕಲ್ಲ?"

"ಕಳೆಯೋಣ ಸಾರ್. ತಿರುಗಾ ಹತ್ತಿ ಕೂತ್ಕೊಳ್ಳಿ."

ಕೂರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಪ್ರಸಾದದ ಅಚ್ಚು ಮುರಿದು ಎಲ್ಲರಿಗೂ ಹಂಚಿದಳು. ಪ್ರಸಾದಕ್ಕೆ ಕ್ಯಾಲೊರಿ ಇಲ್ಲವೆಂದು ನಾನು ಎರಡು ಸಲ ಕೈಯೊಡ್ಡಿದೆ. "ಇವಳ ಮೈಗ್ರೇನ್ ವಾಸಿಯಾದ್ರೆ ಇವಳದ್ದೂ ಒಂದು ಮಾಡಿಸ್ತೀನಿ ಅಂತ ಹೊತ್ಕೊಂಡು ಬಂದೆ" ಎಂದಳು ಅಮ್ಮ, ಸೊಸೆಯ ಕಡೆ ಪ್ರೀತಿಯಿಂದ ನೋಡುತ್ತ.

ಹೆಂಡತಿ ಬಾಯಿಗೆ ಹೋಗುತ್ತಿದ್ದ ಬೆಲ್ಲವನ್ನು ಹಾಗೇ ಕಾಗದಕ್ಕೆ ಸುತ್ತಿದಳು.

"ರೀ, ಆ ಡಯಟೀಷಿಯನ್ ಫೀಸು ಎಷ್ಟಂದ್ರಿ?"