ಅತ್ತೆಯ ಮಣಿಕಟ್ಟು

ಊರಿಂದ ಬಂದ ಹಿರಿಯರ ಆರು ತಿಂಗಳನ್ನು ಹೇಗಪ್ಪಾ ಕಳೆಸುವುದು ಎಂಬ ಹೊರನಾಡ ಕನ್ನಡಿಗರ ಚಿಂತೆಗೆ 2006ರ ನವೆಂಬರಿನಲ್ಲಿ ಜಪಾನಿನಿಂದ ಒಂದು ಉತ್ತರ ಬಂತು: ನಿಂಟೆಂಡೋ ಕಂಪನಿಯ ವೀ ಎಂಬ ವಿಡಿಯೋ ಗೇಮ್ ಯಂತ್ರ. ಅಮೆರಿಕದಲ್ಲಿ ಅದರ ಜೊತೆಗೇ ವೀ ಸ್ಪೋರ್ಟ್ಸ್ ಆಟದ ಡಿಸ್ಕು ಪುಕ್ಕಟೆ. ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಸವೆಸಬೇಕಿಲ್ಲ. ರಿಮೋಟ್ ಹಿಡಿದು ಕೈ ಬೀಸಿದರೆ ಟೀವಿಯೊಳಗೆ ಚೆಂಡು ಉರುಳುತ್ತದೆ. ನ್ಯೂಜೆರ್ಸಿಯ ನಮ್ಮ ಅಪಾರ್ಟ್‌ಮೆಂಟಿಗೂ ಅದು ಬಂತು. ಹೊರಗೆ ಹಿಮ, ಒಳಗೆ ಮೈಸೂರಿನ ಅತ್ತೆ-ಮಾವ.

ಮಾವನವರು ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿದ್ದವರು. ಯಾವ ಯಂತ್ರವನ್ನೂ ಅದರ ಗುಟ್ಟು ತಿಳಿಯದೆ ಮುಟ್ಟುವವರಲ್ಲ. ವೀಯ ಗುಟ್ಟು ಹೀಗಿತ್ತು. ಟೀವಿಯ ಕೆಳಗಿಟ್ಟ ಗೇಣುದ್ದದ ಕಪ್ಪು ಪಟ್ಟಿಯನ್ನು ಎಲ್ಲರೂ ಯಂತ್ರದ ಕಣ್ಣು ಅಂದುಕೊಳ್ಳುತ್ತಾರೆ. ಅದಕ್ಕೆ ಏನೂ ಕಾಣುವುದಿಲ್ಲ. ಎರಡೂ ತುದಿಯಲ್ಲಿ ನಮ್ಮ ಕಣ್ಣಿಗೆ ಬೀಳದ ಇನ್‌ಫ್ರಾರೆಡ್ ದೀಪಗಳಿವೆ, ಅಷ್ಟೆ. ಮದುವೆ ಮನೆಯ ಯಜಮಾನರ ಹಾಗೆ ಬೆಳಗುತ್ತಾ ಕೂತಿರುವುದೇ ಅದರ ಕೆಲಸ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಆ ಎರಡು ಚುಕ್ಕಿ ಎಲ್ಲಿವೆ, ಎಷ್ಟು ಅಂತರದಲ್ಲಿವೆ, ಎತ್ತ ವಾಲಿವೆ ಎಂದು ನೋಡಿ, ನಾವು ಟೀವಿಯ ಯಾವ ಜಾಗಕ್ಕೆ ಗುರಿ ಹಿಡಿದಿದ್ದೇವೆ, ಎಷ್ಟು ದೂರ ನಿಂತಿದ್ದೇವೆ ಎಂಬ ಲೆಕ್ಕ.

ಲೆಕ್ಕ ಕೆಡುತ್ತಿದ್ದುದು ಸಂಜೆ. ಟೀವಿಯ ಮಗ್ಗುಲಿಗೇ ಪುಸ್ತಕದ ಕಪಾಟು, ಅದರಲ್ಲಿ ದೇವರ ಮಂಟಪ. ಅತ್ತೆ ಎರಡು ದೀಪ ಹಚ್ಚುತ್ತಿದ್ದಂತೆ ಪರದೆಯ ಮೇಲೆ ಗುರಿ ತೋರುವ ಪುಟ್ಟ ಕೈ ಗಡಗಡ ನಡುಗಿ ಮೂಲೆಗೆ ಓಡುತ್ತಿತ್ತು. ಸೆಟ್ಟಿಂಗ್ಸ್ ತೆರೆದು ನೋಡಿದರೆ, ಎರಡೇ ಚುಕ್ಕಿ ಇರಬೇಕಾದ ಕಡೆ ನಾಲ್ಕು. ದೀಪದ ಜ್ವಾಲೆಯಲ್ಲೂ ಇನ್‌ಫ್ರಾರೆಡ್ ಇದೆಯಲ್ಲ! "ದೀಪ ಹಚ್ಚೋ ಹೊತ್ತಲ್ಲಿ ಆಟ ಬೇಡ ಅಂತ ಆ ಜಪಾನಿನವರಿಗೂ ಗೊತ್ತು ನೋಡಿ ಅಳಿಯಂದ್ರೇ" ಎಂದರು ಅತ್ತೆ. ದೇವರನ್ನು ಸರಿಸುವ ಮಾತೇ ಇಲ್ಲ. ಟೀವಿಯೇ ಎದುರು ಗೋಡೆಗೆ ಹೋಯಿತು.

ಇನ್ನು ವೀ ಸ್ಪೋರ್ಟ್ಸಿನ ಬೌಲಿಂಗ್, ಚೆಂಡು ಉರುಳಿಸಿ ಪಿನ್ನುಗಳನ್ನು ಬೀಳಿಸುವ ಆಟ. ಮಾವನವರು ಪ್ಯಾಂಟು ಮಡಚಿ, ನಾಲ್ಕು ಹೆಜ್ಜೆ ಓಡಿ, ಭುಜದಿಂದ ಬೀಸಿ ಎಸೆಯುವವರು. ಕೆಳಮನೆಯವರು ಪೊರಕೆ ಹಿಡಿಯಿಂದ ಸೂರು ಕುಟ್ಟುವವರು. ರಿಮೋಟಿನ ದಾರವನ್ನು ಕೈಗೆ ಸುತ್ತಿಕೊಳ್ಳದಿದ್ದರೆ ಟೀವಿಯ ಗತಿ ಗೋವಿಂದ. ಇಂಥ ಬೌಲರುಗಳು ಲೋಕದ ತುಂಬ ಇದ್ದದ್ದರಿಂದಲೇ ಇರಬೇಕು, ಆ ಡಿಸೆಂಬರಿನಲ್ಲೇ ಕಂಪನಿ ದಾರದ ದಪ್ಪವನ್ನು 0.6ರಿಂದ 1 ಮಿಲಿಮೀಟರಿಗೆ ಏರಿಸಿತು.

ಅತ್ತೆ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಶಾಲು ಹೊದ್ದು, ತೊಡೆಯ ಮೇಲೆ ಮೆಂತ್ಯ ಸೊಪ್ಪಿನ ಬುಟ್ಟಿ ಇಟ್ಟುಕೊಂಡೇ, ಮಣಿಕಟ್ಟನ್ನು ಒಮ್ಮೆ ಚಿಮ್ಮಿಸಿ, ರಿಮೋಟಿನ ಅಡಿಯ ಗುಂಡಿಯಿಂದ ಬೆರಳು ತೆಗೆಯುವರು. ಸ್ಟ್ರೈಕ್! ಐವತ್ತು ವರ್ಷ ಒಗ್ಗರಣೆಗೆ ಸಾಸಿವೆ ಹಾಕಿದ ಕೈ; ಎಷ್ಟು ಚಿಮ್ಮಿಸಬೇಕೋ ಅಷ್ಟೇ. ರಿಮೋಟಿನೊಳಗಿದ್ದ ಆಕ್ಸೆಲೆರೋಮೀಟರಿಗೆ ತಿಳಿಯುತ್ತಿದ್ದುದು ಮೂರು ದಿಕ್ಕಿನ ಜರ್ಕು ಮಾತ್ರ. ತೋಳು ಎಲ್ಲಿಂದ ಬಂತು, ಕಾಲು ಎಷ್ಟು ಓಡಿತು, ಅದಕ್ಕೆ ಬೇಕಿಲ್ಲ.

"ಇದು ಅನ್ಯಾಯ ಕಣೇ. ಎದ್ದು ನಿಂತು ಎಸಿ."

"ಬಿತ್ತೋ ಇಲ್ವೋ, ಅಷ್ಟು ಹೇಳ್ರೀ."

ಮುಂದಿನ ಸಲ ಬಂದಾಗ ಮಾವನವರು ನ್ಯಾಯವನ್ನು ಅಂಗಡಿಯಿಂದಲೇ ತರಿಸಿದರು. 2009ರ ಜೂನಿನಲ್ಲಿ ಮೋಷನ್ ಪ್ಲಸ್ ಎಂಬ ಬಾಲ ಬಂದಿತ್ತು. ರಿಮೋಟಿನ ತುದಿಗೆ ಸಿಕ್ಕಿಸಿದರೆ ಒಳಗಿನ ಜೈರೋಸ್ಕೋಪು ಕೈ ಎಷ್ಟು ತಿರುಗಿತೆಂದು ಅಳೆಯುತ್ತದೆ. ಆದರೆ ಅದಕ್ಕೆಂದು ಬಂದ ಹೊಸ ಡಿಸ್ಕಿನ ಆಟಕ್ಕೆ ಮೊದಲು ರಿಮೋಟನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಅಲುಗದಂತೆ ಬಿಡಬೇಕು. "ಮಕ್ಕಳನ್ನ ಮಲಗಿಸಿದ್ದು ಸಾಲದೇ, ಇನ್ನು ಇದನ್ನೂ ಮಲಗಿಸ್ಲಾ?" ಎಂದ ಅತ್ತೆ ಮೊಮ್ಮಗಳಿಂದ ಹಳೆಯ ಡಿಸ್ಕನ್ನೇ ಹಾಕಿಸಿದರು. ಹಳೆಯ ಡಿಸ್ಕಿಗೆ ಆ ಬಾಲದ ಪರಿಚಯವೇ ಇಲ್ಲ. ಮಾವನವರು ಮತ್ತೆ ಸೋತರು.

ನಿಮ್ಮ ಬೇಸ್‌ಮೆಂಟಿನಲ್ಲೂ ಹಳೆಯ ವೀ ಬಿದ್ದಿರಬಹುದು. ಕಪ್ಪು ಪಟ್ಟಿ ಕಳೆದಿದೆಯೆಂದು ಎಸೆಯಬೇಡಿ. ಟೀವಿಯ ಮುಂದೆ ಗೇಣಂತರದಲ್ಲಿ ಎರಡು ದೀಪ ಹಚ್ಚಿಟ್ಟರೂ ಗುರಿ ಸಿಗುತ್ತದೆ. ಕರ್ಟನ್ನನ್ನು ಮಾತ್ರ ದೂರ ಸರಿಸಿಡಿ.