ಜೀಪಿನ ಟಾನಿಕ್ಕು

ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರಲ್ಲಿ ಎರಡು ಬಗೆ. ಎಂಜಿನ್ ಕೈಕೊಟ್ಟಾಗ ಬಾನೆಟ್ ಎತ್ತುವವರು ಒಂದು ಬಗೆ. ಚೆನ್ನಾಗಿ ಓಡುತ್ತಿದ್ದಾಗಲೂ ಎತ್ತಿ ನೋಡಿ ಚಿಂತೆಗೆ ಬೀಳುವವರು ಇನ್ನೊಂದು. ಕೊಪ್ಪದ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಭಾವ ಎರಡನೆಯ ಬಗೆಯವರು. ಅವರ ಜೀಪು ಮಹೀಂದ್ರಾದ್ದು, ಅವರ ಮದುವೆಗಿಂತ ಹಳೆಯದು. ಮನೆಯ ಗೂಡಿನಲ್ಲಿ ದಶಮೂಲಾರಿಷ್ಟದ ಪಕ್ಕದಲ್ಲೇ ಅದರ ಟಾನಿಕ್ಕಿನ ಬಾಟಲಿಗಳು ಕೂತಿರುತ್ತವೆ. ಒಂದು ಪಂಪಿನ ಸವೆತ ತಡೆಯುವುದಂತೆ, ಒಂದು ನಾಝಲ್ ತೊಳೆಯುವುದಂತೆ, ಮತ್ತೊಂದು ಪಿಕಪ್ ಕೊಡುವುದಂತೆ. “ಯಾವುದು ನಿಮಗೆ, ಯಾವುದು ಜೀಪಿಗೆ ಅಂತ ಚೀಟಿ ಅಂಟಿಸಿಡಿ ಮಾರಾಯ್ರೆ, ಕತ್ತಲೆಯಲ್ಲಿ ಎಡವಟ್ಟಾದೀತು” ಎಂದು ಅಕ್ಕ ಹೇಳುತ್ತಲೇ ಇರುತ್ತಾಳೆ.

ಭಾವನವರ ವಾದ ತಳ್ಳಿಹಾಕುವಂಥದ್ದಲ್ಲ. “ಈಗಿನ ಡೀಸೆಲ್ಲಿನಲ್ಲಿ ಪಸೆಯೇ ಇಲ್ಲ ಕಣೋ” ಎನ್ನುತ್ತಾರೆ. ಈಗಿನ ಹಾಲಿನ ಬಗ್ಗೆ, ಈಗಿನ ಮಳೆಯ ಬಗ್ಗೆ, ಈಗಿನ ಹುಡುಗರ ಬಗ್ಗೆಯೂ ಅವರು ಇದನ್ನೇ ಹೇಳುವುದರಿಂದ ಮೊದಲು ನಾನು ಗಮನ ಕೊಟ್ಟಿರಲಿಲ್ಲ. ಆದರೆ ಡೀಸೆಲ್ಲಿನ ಮಟ್ಟಿಗೆ ಅವರ ಮಾತಿಗೆ ಆಧಾರವಿದೆ. 1990ರ ದಶಕದ ಮೊದಲ ಭಾಗದಲ್ಲಿ ನಮ್ಮ ಡೀಸೆಲ್ಲಿನಲ್ಲಿ ಶೇಕಡಾ 1ರವರೆಗೂ ಗಂಧಕ ಇರಬಹುದಿತ್ತು. 2020ರ ಏಪ್ರಿಲ್ 1ರಂದು ಬಿಎಸ್-6 ಬಂದಾಗ ಮಿತಿ ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿಯಿತು, ಅಂದರೆ ಸಾವಿರದಲ್ಲಿ ಒಂದು ಭಾಗವಷ್ಟೇ ಉಳಿಯಿತು. ಊರಿನ ಗಾಳಿಗೆ ಒಳ್ಳೆಯದೇ ಆಯಿತು. ಗಂಧಕವೇನೂ ಎಂಜಿನ್ನಿಗೆ ಜಾರುವ ಗುಣ ಕೊಡುತ್ತಿರಲಿಲ್ಲ. ಆದರೆ ಅದನ್ನು ತೆಗೆಯಲು ರಿಫೈನರಿಯಲ್ಲಿ ಬಿಸಿ ಮತ್ತು ಒತ್ತಡದಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ. ಲೋಹಕ್ಕೆ ಅಂಟಿ ನಿಂತು ಸವೆತ ತಡೆಯುತ್ತಿದ್ದ ಬೇರೆ ಸಂಯುಕ್ತಗಳೂ ಆ ಕೆಲಸದಲ್ಲಿ ಗಂಧಕದ ಜೊತೆಗೇ ಹೊರಟುಹೋಗುತ್ತವೆ.

ಇದು ಮೊದಲು ಬಿಸಿ ಮುಟ್ಟಿಸಿದ್ದು ಸ್ವೀಡನ್ನಿಗೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಗಂಧಕವಿಲ್ಲದಂತೆ ಶುದ್ಧ ಮಾಡಿದ ಡೀಸೆಲ್ ಬಂತು, ಬೆನ್ನಿಗೇ ರೋಟರಿ ಪಂಪುಗಳು ಅಕಾಲದಲ್ಲಿ ಸವೆಯತೊಡಗಿದವು. ರೋಟರಿ ಪಂಪಿಗೆ ಬೇರೆ ಆಯಿಲ್ ಇಲ್ಲ. ತಾನು ಸಾಗಿಸುವ ಡೀಸೆಲ್ಲೇ ಅದರ ಎಣ್ಣೆ. ಇನ್‌ಲೈನ್ ಪಂಪು ತುಸು ಗಟ್ಟಿಗ. ಅದರ ಕ್ಯಾಮಿಗೆ ಆಯಿಲ್ ಸಿಗುತ್ತದೆ, ಆದರೆ ಪ್ಲಂಜರಿನ ಗತಿ ಡೀಸೆಲ್ಲೇ. ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಅಷ್ಟು ಬಿಗಿಯಾದದ್ದನ್ನು ನಮ್ಮವರು ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಿಂದಲೇ ಮಾಡುತ್ತಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಆ ಕಂಪನಿಯೇ ಮೈಕೋ. 1951ರಲ್ಲಿ ಶುರುವಾದ ಅದು 2008ರಲ್ಲಿ ಹೆಸರಿನಲ್ಲೂ ಬಾಷ್ ಆಯಿತು. ನಮ್ಮ ಮೇಸ್ತ್ರಿಗೆ ಅದರ ಸುದ್ದಿ ಇನ್ನೂ ಮುಟ್ಟಿಲ್ಲ. ಅವನ ಪಾಲಿಗೆ ಪಂಪು ಎಂದರೆ ಮೈಕೋ, ಉಳಿದದ್ದೆಲ್ಲ ಡೂಪ್ಲಿಕೇಟು.

ಹಾಗಿದ್ದರೆ ಟಾನಿಕ್ಕು ಬೇಕೇ ಬೇಕಲ್ಲ ಎಂದು ಭಾವ ಗೆದ್ದ ಮುಖ ಮಾಡುತ್ತಾರೆ. ತೊಡಕಿರುವುದು ಇಲ್ಲೇ. ಸ್ವೀಡನ್ನಿನ ಪಾಠ ಎಲ್ಲರೂ ಕಲಿತರು. ಕಳೆದುಹೋದ ಪಸೆಯನ್ನು ತೈಲ ಕಂಪನಿಗಳೇ ತಿರುಗಿ ಸೇರಿಸುತ್ತವೆ. ಅದಕ್ಕೊಂದು ಪರೀಕ್ಷೆಯೂ ಇದೆ: ಡೀಸೆಲ್ಲಿನಲ್ಲಿ ಮುಳುಗಿದ ತಟ್ಟೆಯ ಮೇಲೆ ಪುಟ್ಟ ಉಕ್ಕಿನ ಗುಂಡನ್ನು ಉಜ್ಜುತ್ತಾರೆ, ಗುಂಡಿನ ಮೇಲೆ ಬಿದ್ದ ಗಾಯ 460 ಮೈಕ್ರಾನ್ ಮೀರಬಾರದು. ಬಂಕಿನಲ್ಲಿ ಹಾಕಿಸುವ ಡೀಸೆಲ್ ಈ ಪರೀಕ್ಷೆ ದಾಟಿಯೇ ಬರಬೇಕು. ಪಿಕಪ್ ಬಾಟಲಿಯ ಕತೆಯೂ ಇಷ್ಟೇ. ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ ಸೀಟೇನ್ ಸಂಖ್ಯೆ. ಹಳೆಯ ಕಾಲದಲ್ಲಿ ಕನಿಷ್ಠ 45 ಇದ್ದದ್ದು ಈಗ 51. 45ರಲ್ಲೇ ಘಾಟಿ ಹತ್ತಿದ ಎಂಜಿನ್ನಿಗೆ 51 ಕೊಟ್ಟ ಮೇಲೂ ಇನ್ನಷ್ಟು ಬೇಕೆಂದರೆ ಅದು ಎಂಜಿನ್ನಿನ ಆಸೆಯಲ್ಲ, ಮಾಲೀಕನದು.

ಬಾಟಲಿ ಬರುವ ಮೊದಲೂ ನಮ್ಮಲ್ಲಿ ಮನೆಮದ್ದಿಗೆ ಕೊರತೆ ಇರಲಿಲ್ಲ. ಲಾರಿಯವರು ಟೂ-ಟಿ ಆಯಿಲ್ ಹಾಕುತ್ತಿದ್ದರು. ಇನ್ನೂರಕ್ಕೆ ಒಂದು ಪಾಲು ಎಂಬುದು ಬಾಯಿಂದ ಬಾಯಿಗೆ ಬಂದ ಲೆಕ್ಕ, ಅಳೆಯುವುದು ಮಾತ್ರ ಅಂದಾಜಿನಲ್ಲಿ. ಇದಕ್ಕೆ ತದ್ವಿರುದ್ಧವಾದ ಕಸುಬೂ ಇತ್ತು: ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆಯನ್ನು ಡೀಸೆಲ್ಲಿಗೆ ಬೆರೆಸುವುದು. ಸೀಮೆಎಣ್ಣೆ ತೆಳು, ಪಸೆ ಕಡಿಮೆ. ಬಡವರ ದೀಪದ ಎಣ್ಣೆ ಕದ್ದ ಪಾಪಕ್ಕೆ ಪಂಪು ಸವೆದು ತಕ್ಕ ಶಾಸ್ತಿಯಾಗುತ್ತಿತ್ತು. ಶಾಸ್ತಿ ಕದ್ದವನಿಗಲ್ಲ, ತಿಳಿಯದೆ ಕೊಂಡವನಿಗೆ ಆಗುತ್ತಿತ್ತು ಎಂಬುದೊಂದೇ ಬೇಸರ.

ನನ್ನ ಮೆಚ್ಚಿನ ಮದ್ದು ಹೊಂಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ನೀರೆತ್ತಿಸಿದ್ದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆ ಕುಡಿದು ಓಡಿತ್ತು, ಆದ್ದರಿಂದ ಇದು ಈ ಕುಲಕ್ಕೆ ಹೊಸ ರುಚಿಯೇನಲ್ಲ. ಹಸಿ ಎಣ್ಣೆ ಮಂದ, ನಾಝಲ್ಲಿನಲ್ಲಿ ಕರಿ ಕಟ್ಟುತ್ತದೆ. ಅದನ್ನು ಸಂಸ್ಕರಿಸಿ ಬಯೋಡೀಸೆಲ್ ಮಾಡಿ ನೂರಕ್ಕೆ ಒಂದೆರಡು ಪಾಲು ಬೆರೆಸಿದರೂ ಪಸೆ ಚೆನ್ನಾಗಿ ಕೂಡುತ್ತದೆ. ಭಾವನವರಿಗೆ ಇದನ್ನು ಹೇಳಿದೆ. “ಹೊಂಗೆಯಾ? ಹಿತ್ತಲಲ್ಲೇ ಇದೆಯಲ್ಲ!” ಎಂದರು. ದನಿಯಲ್ಲಿ ಉತ್ಸಾಹ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಜೀಪೂ ಸೇರುತ್ತದೆ.

ಚಳಿಯ ಮದ್ದಿನ ಬಾಟಲಿಯೂ ಒಂದು ಗೂಡಿನಲ್ಲಿದೆ. ಡೀಸೆಲ್ಲಿನಲ್ಲಿರುವ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟದಂತೆ ಅದು ಕಾಯುತ್ತದಂತೆ. ಲಡಾಖಿನಲ್ಲಿ ಇದು ನಿಜವಾದ ಕಷ್ಟ. ಅಲ್ಲಿಗೆಂದೇ 2019ರಲ್ಲಿ ಇಂಡಿಯನ್ ಆಯಿಲ್ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲ್ ತಂದಿತು. ಕೊಪ್ಪದಲ್ಲಿ ಡೀಸೆಲ್ ಹೆಪ್ಪುಗಟ್ಟುವ ಚಳಿ ಬಂದರೆ ಅಡಿಕೆ ಮರದ ಗತಿ ಏನೆಂದು ಕೇಳಿದೆ. “ಡಿಸ್ಕೌಂಟಿನಲ್ಲಿ ಸಿಕ್ಕಿತು” ಎಂದರು.

ಮಲೆನಾಡಿನ ಡೀಸೆಲ್ ಎಂಜಿನ್ನಿನ ಅಸಲಿ ಶತ್ರು ನೀರು. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆ ಮಳೆಗಾಲದ ತೇವಕ್ಕೆ ಬೆವರುತ್ತದೆ, ಬೆವರು ತಳ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡಿ ಲೋಳೆ ಕಟ್ಟುತ್ತವೆ, ಫಿಲ್ಟರ್ ಉಸಿರು ಕಟ್ಟುತ್ತದೆ. ಇದಕ್ಕೂ ಬಾಟಲಿ ಉಂಟು. ಆದರೆ ಆಲ್ಕೋಹಾಲ್ ಇರುವ ಕೆಲವು ಔಷಧಗಳು ನೀರನ್ನು ಡೀಸೆಲ್ಲಿನಲ್ಲೇ ಕರಗಿಸಿ, ಫಿಲ್ಟರ್ ದಾಟಿಸಿ, ನೇರ ಪಂಪಿನ ಮನೆಗೇ ಕಳಿಸಿಕೊಡುತ್ತವೆ. ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ಇಳಿಸುವುದು ಇದಕ್ಕಿಂತ ಎಷ್ಟೋ ವಾಸಿ. ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಯಾರಿಗೂ ಅದರ ಮೇಲೆ ನಂಬಿಕೆಯಿಲ್ಲ. ಮೇಲಾಗಿ ಅದಕ್ಕೆ ಬಗ್ಗಿ ಕೈ ಕೊಳೆ ಮಾಡಿಕೊಳ್ಳಬೇಕು. ಬಾಟಲಿಯನ್ನು ಬಂಕಿನಲ್ಲಿ ಪಂಚೆ ಮಡಚದೆ ನಿಂತೇ ಸುರಿಯಬಹುದು.

ಹೋದ ವರ್ಷ ಜೀಪು ಬೆಳಗಿನ ಹೊತ್ತು ಬಿಳಿ ಹೊಗೆ ಉಗುಳಿ ಸತಾಯಿಸತೊಡಗಿತು. ಮೇಸ್ತ್ರಿ ನಾಝಲ್ ಬಿಚ್ಚಿ ಪರೀಕ್ಷೆಗೆ ಹಾಕಿದ. ಮಂಜಿನಂತೆ ಬರಬೇಕಾದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ನಾಝಲ್ ಬದಲಿಸಿ, ಪಂಪು ಕ್ಯಾಲಿಬ್ರೇಷನ್ನಿಗೆ ಕಳಿಸಿದ ಮೇಲೆ ಜೀಪು ಒಂದೇ ಸೆಲ್ಫಿಗೆ ಹತ್ತಿತು. ಸವೆದುಹೋದ ಲೋಹವನ್ನು ತುಂಬಿಕೊಡುವ ಔಷಧ ಯಾವ ಗೂಡಿನಲ್ಲೂ ಇಲ್ಲವಲ್ಲ. ಭಾವ ಆದರೂ ಬಿಡಲಿಲ್ಲ: “ಟಾನಿಕ್ಕು ಹಾಕಿದ್ದಕ್ಕೆ ಇಷ್ಟು ದಿನ ಬಂತು, ಅಲ್ವೇನಯ್ಯ?” ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, “ಹಾಕಿ ಅಯ್ಯಾ, ಜೀಪಿಗೇನೂ ತೊಂದ್ರೆ ಇಲ್ಲ” ಎಂದ. ಟ್ಯಾಂಕ್ ಇಳಿಸಿ ತೊಳೆಯಬೇಕು, ತಳದಲ್ಲಿ ಕೆಸರಿದೆ, ಒಂದು ದಿನದ ಕೆಲಸ ಎಂದೂ ಹೇಳಿದ. ಭಾವ ಒಪ್ಪಿದ್ದಾರೆ. ಮೊದಲು ಕೊಳೆ ಔಷಧಿ ಹೊಡೆಯುವುದು ಮುಗಿಯಲಿ ಅಂದರು, ಆಮೇಲೆ ಕೊಯ್ಲು ಕಳೆಯಲಿ ಅಂದರು. ಈಗ ಬೇಸಿಗೆಯಲ್ಲಿ ಮದುವೆಗಳ ಓಡಾಟಕ್ಕೆ ಜೀಪು ಬೇಕಂತೆ.