ಹೊರ್ತಿ ಕಲ್ಲಿನ ಸಂಪಾದಕೀಯ ನೀತಿ

ವಿಜಯಪುರ–ಸೊಲ್ಲಾಪುರ ಹೆದ್ದಾರಿ, ಹೊರ್ತಿ ಹತ್ತಿರದ ಮೈಲಿಗಲ್ಲು. ತಲೆಗೆ ಹಳದಿ, ಮೈಗೆ ಬಿಳಿ ಬಣ್ಣ. ಗುರುತು ಪರಿಚಯವಿಲ್ಲದ ಓದುಗರಿಗೆಂದೇ ಬರೆಯುವವರಲ್ಲಿ ಇವರಷ್ಟು ಅನುಭವಸ್ಥರು ಈ ಭಾಗದಲ್ಲಿ ಇಲ್ಲ.

ಊರು ಗೊತ್ತಿಲ್ಲದ ಓದುಗರಿಗೆ ಎಷ್ಟು ಹೇಳಬೇಕು?

ಮುಂದ ಹೋಗಾಕ ಎಷ್ಟು ಬೇಕೋ ಅಷ್ಟು. ಲಾರಿಯಾಂವ ಎಂಬತ್ತರ ಸ್ಪೀಡಿನ್ಯಾಗ ಹೊಂಟಿರತಾನ್ರಿ. ಅವಗ ಗೋಳಗುಮ್ಮಟದ ಕಥಿ ಹೇಳ್ಕೋತ ಕುಂದ್ರಲೇನು?

ನನ್ನ ಲೇಖನ ಹೀಗೆ ಶುರುವಾಗುತ್ತದೆ: 'ಭಾರತದ ದಕ್ಷಿಣಕ್ಕೆ ಕರ್ನಾಟಕವೆಂಬ ರಾಜ್ಯವಿದ್ದು, ಅದರ ಉತ್ತರಕ್ಕೆ ವಿಜಯಪುರವೆಂಬ ಜಿಲ್ಲೆಯಿದ್ದು...'

ಹೊರ್ತಿ ಯಾವಾಗ ಬರತೈತ್ರಿ?

ನಾಲ್ಕನೇ ಪ್ಯಾರಾದಲ್ಲಿ.

ಅಷ್ಟೊತ್ತಿಗೆ ಓದಾಂವ ಝಳಕಿ ದಾಟಿರತಾನ.

ಹಾಗಂತ ಏನೂ ಹೇಳದೆ ಬಿಡಲೇ? ಗೆಳೆಯರೊಬ್ಬರು 'ಎಳ್ಳಮಾಸಿಗೆ ಚರಗ ಚೆಲ್ಲಿ ಬಂದೆವು' ಎಂದಷ್ಟೇ ಬರೆದರು. ಮೈಸೂರಿನ ಓದುಗ 'ಏನು ಚೆಲ್ಲಿದಿರಿ, ಯಾಕೆ ಚೆಲ್ಲಿದಿರಿ?' ಅಂದ.

ಗೊತ್ತಿದ್ದವ್ರು ತಿಳ್ಕೊಳ್ಳಲಿ ಅನ್ನೂದೂ ಒಂದು ಸೊಕ್ಕರಿ. ಆದ್ರ ಅಡಿಟಿಪ್ಪಣಿ ಬ್ಯಾಡ. 'ಸಜ್ಜಿ ಕಡಬು, ಪುಂಡಿಪಲ್ಯ ಬುಟ್ಟ್ಯಾಗ ಹೊತ್ಕೊಂಡು ಹೊಲಕ್ಕ ಹೋಗಿ, ನಿಂತ ಬಿಳಿಜ್ವಾಳಕ್ಕ ಮೊದಲ ಚರಗ ಚೆಲ್ಲಿ, ಆಮ್ಯಾಲ ನಾವು ಉಣ್ಣಾಕ ಕುಂತ್ವಿ' ಅಂದ್ರ ಮೈಸೂರಿನಾಂವಗೂ ಬಾಯಾಗ ನೀರು ಬರತೈತಿ.

ನಿಮಗೆ ಗುರುಗಳು?

ನಮ್ಮ ಇಂಡಿ ತಾಲ್ಲೂಕಿನ ಸಾಲೋಟಗಿ ಶಾಸನದ ಅಜ್ಜಾರು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದವ್ರು. ಶಕ 867, ಭಾದ್ರಪದ ಅಮಾಸಿ, ಸೂರ್ಯಗ್ರಹಣ ಅಂತ ಸ್ವಚ್ಛ ಬರದಾರ. ಅದಕ್ಕ ಇವತ್ತಿನ ಪಂಡಿತರು 945ನೇ ಇಸ್ವಿ ಅಂತ ಬೆರಳಿಟ್ಟು ತೋರಸ್ತಾರ. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಊರವರು ಮದುವಿಗೆ ಐದು, ಮುಂಜಿವಿಗೆ ಎರಡೂವರಿ, ಜವಳಕ್ಕ ಒಂದೂಕಾಲು ನಾಣ್ಯ ಕೊಡಬೇಕಂತನೂ ಐತಿ. ಆವತ್ತಿನ ಮಂದಿಗೆ ಈ ದರ ಬಾಯಿಪಾಠನ ಇದ್ದೀತು. ಎಲ್ಲಾರಿಗೂ ಗೊತ್ತೈತಿ ಅಂತ ಅಜ್ಜಾರು ಬಿಟ್ಟಿದ್ರ ನಿಮಗೇನು ಸಿಗತಿತ್ತು?

(ಇಲ್ಲಿ ನಾನು ನನ್ನ ನಾಲ್ಕು ಪ್ಯಾರಾ ಹೊಡೆದುಹಾಕಿದೆ.)

ನಿಮ್ಮ ಬರಹ ಹಳತಾಗುವುದಿಲ್ಲವೇ?

ಆಗದ ಏನ್ರಿ? 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು. ಹೆದ್ದಾರಿ ನಂಬರ್ 13 ಇದ್ದದ್ದು 52 ಆತು. ನಂದಾದ್ರ ಬಣ್ಣದ ಡಬ್ಬಿ ತಗೊಂಡು ಬಂದು ತಿದ್ದತಾರ. 'ಇತ್ತೀಚೆಗೆ' ಅಂತ ಬರದು ಬಿಡತೀರಲ್ಲ, ಅದನ್ನ ತಿದ್ದಾಕ ಯಾರು ಬರತಾರ ಸರ?

ಕೊನೆಗೆ, ತಮ್ಮ ಪರಿಚಯ ಎರಡು ಸಾಲು. ಓದುಗರಿಗೆ ತಾವು ಯಾರೆಂದು ಗೊತ್ತಾಗಬೇಕಲ್ಲ.

ಕಲ್ಲು ಅನ್ರಿ ಸಾಕು. ಅದಕ್ಕೂ ವಿವರಣೆ ಹಚ್ಚಿದ್ರ ನಾ ಫೋಟೊ ಕೊಡೂದಿಲ್ಲ.